ಚೌತಿಯ ದಿನ ಹುಣ್ಣಿಮೆ ಚಂದ್ರ

ಕಂಟೋನ್ಮೆಂಟಿನ ನಮ್ಮ ಮನೆ ಮಾಳಿಗೆಯ ಮೇಲೆ ಟೆಲಿಸ್ಕೋಪ್ ಇಟ್ಟು, ಹಿಂದಿನ ಹುಣ್ಣಿಮೆಗೆ ಚಂದ್ರನ ವಿಡಿಯೊ ಹಿಡಿದಿದ್ದೆ. ಆ ವಿಡಿಯೊದ ಬಿಡಿ ಚಿತ್ರಗಳಲ್ಲಿ ಬಳ್ಳಾರಿಯ ಧೂಳಿಗೆ ಮಸುಕಾದವನ್ನೆಲ್ಲ ಬಿಟ್ಟು, ಚೊಕ್ಕವಾಗಿದ್ದವನ್ನಷ್ಟೇ ಆರಿಸಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ ಒಂದು ಫೋಟೊ ಮಾಡುವಷ್ಟರಲ್ಲಿ ಗಣೇಶ ಚೌತಿ ಬಂತು. ಖುಷಿ ತಡೆಯಲಾಗದೆ ಹಬ್ಬದ ಮಧ್ಯಾಹ್ನವೇ ಅದನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ಚೌತಿಯ ದಿನ ಚಂದ್ರನನ್ನು ನೋಡಿದವರಿಗೆ ಸುಳ್ಳು ಅಪವಾದ ಬರುತ್ತದೆ ಎಂದು ನಂಬಿದ ಓಣಿ ನಮ್ಮದು. ಕಡುಬು ತಿಂದ ಕೈ ತೊಳೆಯುವ ಮೊದಲೇ ಎದುರುಮನೆಯ ಶೇಖರಪ್ಪ ಫೋನನ್ನು ಬೋರಲು ಹಿಡಿದುಕೊಂಡು ಬಂದರು.

“ಏನ್ರಿ ಇದು? ಓಣಿ ಮಂದಿಗೆಲ್ಲ ಚಂದ್ರನ್ನ ತೋರಿಸಿ ದೋಷ ಅಂಟಿಸೀರಲ್ಲ!”

“ಅಣ್ಣಾರ, ಇದು ಹುಣ್ಣಿಮಿ ಚಂದ್ರ. ನಾನು ಇವತ್ತು ಮಾಳಿಗಿನೇ ಹತ್ತಿಲ್ಲ. ಚೌತಿ ಚಂದ್ರ ಇಷ್ಟು ದುಂಡಗ ಇರ್ತಾನೇನ್ರಿ?”

“ಅದೆಲ್ಲ ನಮಗ್ಯಾಕ? ನಾವು ನೋಡಿದ್ದು ಇವತ್ತು ಹೌದಿಲ್ಲೋ? ನಾನಂತೂ ದೊಡ್ಡದು ಮಾಡಿ ಮಾಡಿ ನೋಡೀನಿ. ಒಂದು ತಗ್ಗು ಸುದ್ದಾ ಬಿಟ್ಟಿಲ್ಲ.”

ಕತ್ತಲಾಗುವುದರೊಳಗೆ ಗುಂಪಿನಲ್ಲಿ ತೀರ್ಪು ಆಗಿತ್ತು. ನಾನು ಬೇಕಂತಲೇ ಚೌತಿ ಚಂದ್ರನ ಫೋಟೊ ಹಿಡಿದು, ಎಲ್ಲರ ಹಬ್ಬ ಕೆಡಿಸಿದೆನಂತೆ. ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ಫೋಟೊ ಮಾತ್ರ ಇನ್ನೂ ಅಲ್ಲೇ ಇದೆಯಂತೆ, ಚೆನ್ನಾಗಿದೆಯಂತೆ.

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಆದರೆ ಅವತ್ತು ಸುಳ್ಳು ಅಪವಾದ ಬಂದದ್ದಂತೂ ಖರೆ. ಚಂದ್ರನನ್ನು ನೋಡಿದ್ದು ಓಣಿ ಮಂದಿ, ಅಪವಾದ ಹೊತ್ತದ್ದು ನಾನು.