ಸೇತುವೆಯ ಮೇಲೆ ಬಿದ್ದ ಮುಳ್ಳು

ಶರಾವತಿ ದಡದ ಕಾಸರಕೋಡಿನ ಜಟ್ಟ ಕಡಲು ಬಿಟ್ಟು ಕಾರು ಹಿಡಿದದ್ದೇ ಹೆದರಿಕೆಯಿಂದ. ಒಂದು ವರ್ಷ ಗಾಳಿ ಎದ್ದ ಹೊತ್ತಿಗೆ ಬೋಟಿನ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು, ಹಿಂದೆಯೇ ಎಂಜಿನ್ ನಿಂತಿತು. ಅಡ್ಡ ತಿರುಗಿದ ಬೋಟಿನಿಂದ ನೀರಿಗೆ ಬಿದ್ದ ಅಣ್ಣ ಈರ ಸಿಗಲೇ ಇಲ್ಲ. ಆಮೇಲೆ ಜಟ್ಟ ಬಲೆ ಮುಟ್ಟಲಿಲ್ಲ. ಹಳೆಯದೊಂದು ಕಾರು ತಕ್ಕೊಂಡು ಬಾಡಿಗೆಗೆ ಓಡಿಸತೊಡಗಿದ. ನೆಲದ ಮೇಲೆ ಗಾಡಿ ಕೆಟ್ಟರೆ ಬದಿಗಾದರೂ ನಿಲ್ಲಿಸಬಹುದಲ್ಲ ಎಂದುಕೊಂಡಿದ್ದ.

ಆ ಧೈರ್ಯ ಹೋದದ್ದು ಶರಾವತಿ ಸೇತುವೆಯ ಮೇಲೆ. ಡಯಾಲಿಸಿಸ್‌ಗೆಂದು ಕುಮಟೆಗೆ ಹೊರಟಿದ್ದ ಮಾದೇವಿ ಟೀಚರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಒಮ್ಮೆಗೇ ಡ್ಯಾಶ್‌ಬೋರ್ಡು ಕಪ್ಪಾಯಿತು. ವೇಗದ ಮುಳ್ಳು ಸತ್ತು ಬಿತ್ತು. ಮರುಗಳಿಗೆಯಲ್ಲಿ ಕೆಂಪು, ಹಳದಿ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಕೆಳಗೆ ಹೊಳೆ. ಜಟ್ಟನ ಅಂಗಿ ಬೆನ್ನಿಗೆ ಅಂಟಿತು. ಸೇತುವೆ ದಾಟಿದ ಮೇಲೆ ಎಲ್ಲವೂ ಏನೂ ಆಗದ ಹಾಗೆ ಸರಿಯಾಯಿತು. ಅವನು ಯಾರಿಗೂ ಹೇಳಲಿಲ್ಲ. ಆದರೆ ಇನ್ನೊಂದು ದಿನ ಅಲ್ಲೇ ಮತ್ತೆ ಹಾಗಾದಾಗ ತಡೆಯಲಾರದೆ ಹಳದೀಪುರದ ರಮಾನಂದನ ಅಂಗಡಿಗೆ ಹೋದ.

ರಮಾನಂದ ವಾಹನಗಳ ವೈರಿಂಗ್ ಕೆಲಸದವನು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ಪರದೆ ನೋಡಿದ. ಡ್ಯಾಶ್‌ಬೋರ್ಡಿನ ಮೀಟರಿನ ಜೊತೆ ಸಂಪರ್ಕ ತಪ್ಪಿತ್ತು ಎಂದು ಎಂಜಿನ್, ಬ್ರೇಕು, ಏರ್‌ಬ್ಯಾಗ್ ಮೂರರ ಕಂಪ್ಯೂಟರುಗಳೂ ದೂರು ಬರೆದಿಟ್ಟಿದ್ದವು. ಈಗ ಮಾತ್ರ ಎಲ್ಲ ಸರಿ ಇತ್ತು.

"ಕೆಡುವಾಗಲೇ ಹಿಡೀಬೇಕು ಇದನ್ನ. ನಡಿ, ಅದೇ ಸೇತುವೆಗೆ ಹೋಗುವ" ಎಂದ.

ನೀನೇ ಓಡಿಸು ಎಂದು ಜಟ್ಟ ಕೇಳಿಕೊಂಡ. ಪರದೆ ಓದುವವರು ಯಾರು ಎಂದು ರಮಾನಂದ ಕೇಳಿದ. ಇನ್ನೊಂದು ದಿನ ಬರುತ್ತೇನೆ ಎನ್ನುವ ಮಾತು ಜಟ್ಟನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮರುದಿನ ಬೆಳಿಗ್ಗೆ ಟೀಚರನ್ನು ಕರೆದೊಯ್ಯಬೇಕಿತ್ತು. ಜಟ್ಟ ಕೀಲಿ ತಿರುಗಿಸಿದ.

ಸೇತುವೆಯ ಜೋಡಣೆಯ ಮೇಲೆ ಚಕ್ರ ಕುಕ್ಕಿದ್ದೇ ಮುಳ್ಳು ಬಿತ್ತು. ಜಟ್ಟನ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಹಿಂದಿನ ಟ್ಯಾಂಕರು ಹಾರ್ನ್ ಹೊಡೆಯುತ್ತ ಬೆನ್ನಿಗೇ ಬಂದ ಹಾಗಿತ್ತು.

ರಮಾನಂದ ಪರದೆಯಿಂದ ಕಣ್ಣೆತ್ತಲಿಲ್ಲ. "ಎಂಜಿನ್ ನಡೀತಾ ಅದೆ ಜಟ್ಟ. ಸ್ಪೀಡು ನಂಗೆ ಇಲ್ಲಿ ಕಾಣ್ತದೆ. ನಲವತ್ತು. ನಿಲ್ಲಿಸ್ಬೇಡ, ಹೀಂಗೇ ಹೋಗು."

ಜಟ್ಟ ರಸ್ತೆಯನ್ನಷ್ಟೇ ನೋಡಿದ. ಮೂವತ್ತೆಂಟು, ನಲವತ್ತು, ನಲವತ್ತೆರಡು ಎಂದು ರಮಾನಂದ ಹೇಳುತ್ತಲೇ ಇದ್ದ. ಆಚೆ ದಡದಲ್ಲಿ ಗಾಡಿ ನಿಲ್ಲಿಸಿ ಇಳಿದ ಜಟ್ಟ ರಸ್ತೆಬದಿಯಲ್ಲೇ ಕೂತ.

ಎಂಜಿನ್ನಿಗೆ ಹದಿನಾಲ್ಕು ವೋಲ್ಟ್ ಸಿಗುತ್ತಿರುವಾಗಲೇ ಮೀಟರಿಗೆ ಸಿಗುವುದು ಒಂಬತ್ತಕ್ಕೆ ಇಳಿದದ್ದು ಪರದೆಯಲ್ಲಿ ಕಂಡಿತ್ತಂತೆ. ಮೀಟರಿನ ಅರ್ತಿಂಗ್ ತಂತಿ ಎಲ್ಲೋ ಹಿಡಿತ ಬಿಟ್ಟಿದೆ ಎಂದ ರಮಾನಂದ, ಮುಂದಿನ ಎಡಗಡೆ ಸೀಟಿನವರು ಕಾಲಿಡುವಲ್ಲಿನ ಪ್ಲಾಸ್ಟಿಕ್ ಬಿಚ್ಚಿದ. ಒಳಗೆ ಆ ತಂತಿ ಬಿಗಿದಿದ್ದ ಬೋಲ್ಟು ಹಸಿರು ಕಿಲುಬು ಹಿಡಿದು, ಸುತ್ತ ಉಪ್ಪು ಕಟ್ಟಿತ್ತು. ಜಟ್ಟನ ಹೆಂಡತಿ ದುರ್ಗಮ್ಮ ಮೀನು ಮಾರಲು ಹೋಗುವಾಗ ಬುಟ್ಟಿ ಇಟ್ಟುಕೊಳ್ಳುತ್ತಿದ್ದದ್ದು ಅಲ್ಲೇ. ಕರಗಿದ ಮಂಜುಗಡ್ಡೆಯ ನೀರು ಅಲ್ಲಿಗೇ ಇಳಿದಿತ್ತು. ರಮಾನಂದ ಬೋಲ್ಟು ಉಜ್ಜಿ ಬಿಗಿದು, ಹಳೆಯ ದೂರುಗಳನ್ನು ಅಳಿಸಿದ. ಮತ್ತೆ ಸೇತುವೆ ದಾಟಿ ಬಂದರು. ಮುಳ್ಳು ಬೀಳಲಿಲ್ಲ.

ಸಂಜೆ ಜಟ್ಟ ಹೆಂಡತಿಗೆ ಎಲ್ಲ ಹೇಳಿದ.

"ಎಂತಕ್ಕೆ ಹೇಳ್ಲಿಲ್ಲ ಮಾರಾಯ? ನಾ ದಿನಾ ಆ ಸೀಟಲ್ಲೇ ಕೂತ್ಕಂತಿದ್ದೆ."

ಮರುದಿನದಿಂದ ಮೀನಿನ ಬುಟ್ಟಿ ಟೆಂಪೋದಲ್ಲಿ ಹೋಗತೊಡಗಿತು.

ಬೆಳಿಗ್ಗೆ ಟೀಚರು ಕಾರು ಹತ್ತುವ ಮೊದಲೇ ಜಟ್ಟ ನಡೆದದ್ದನ್ನು ತಿಳಿಸಿ, ಬೇಡವಾದರೆ ಬೇರೆ ಗಾಡಿ ಮಾಡಿಕೊಡುತ್ತೇನೆ ಎಂದ. ದುರಸ್ತಿಯಾದ ಮೇಲೆ ಓಡಿಸಿ ನೋಡಿದೆಯಾ ಎಂದು ಅವರು ಕೇಳಿದರು. ಅವನು ಹೌದೆಂದ.

"ಹಂಗಾರೆ ಹೊರಡು, ತಡ ಆತು."

ಸೇತುವೆ ಹತ್ತುವಾಗ ಅವನ ಅಂಗೈ ತಣ್ಣಗಿತ್ತು. ಇವತ್ತಿಗೂ ಅಲ್ಲಿ ಅದು ತಣ್ಣಗಾಗುತ್ತದೆ.