ದಾರಿ ಬೇಡಿದವಳು

ಗಡಿಯಂಚಿನ ಆ ಊರಿಗೆ ರಸ್ತೆ ಬೇಕೆಂದು ಕಂಡಕಂಡ ಸಾಹೇಬರ ಕಾಲು ಹಿಡಿದವಳು ನರ್ಸ್ ಸಿಸ್ಟರಮ್ಮನೇ. "ಮೊದಲು ದಾರಿ ಮಾಡಿಕೊಡಿ ಸ್ವಾಮಿ, ಜನ ತಾವಾಗೇ ಬರ್ತಾರೆ" ಅನ್ನುತ್ತಿದ್ದಳು. ಬಂತಪ್ಪ ರಸ್ತೆ! ಅದರ ಬೆನ್ನಿಗೇ ಕರೆಂಟು, ನಲ್ಲಿ, ಹೊಸ ಆಸ್ಪತ್ರೆ, ಅದರಲ್ಲೊಂದು ಹೆರಿಗೆ ಕೋಣೆ. ಜನ? ರಸ್ತೆಗೇನು, ಬರುವುದಕ್ಕೂ ಆಯಿತು, ಹೋಗುವುದಕ್ಕೂ ಆಯಿತು. ಡಾಂಬರು ಆರುವುದರೊಳಗೆ ಅರ್ಧ ಊರು ಗಂಟುಮೂಟೆ ಕಟ್ಟಿತು. ಸಿಸ್ಟರಮ್ಮನ ತಂಗಿಯ ಸಂಸಾರವೂ ಅದರಲ್ಲೇ ಹೋಯಿತು.

ರಸ್ತೆ ಇಲ್ಲದ ಕಾಲದಲ್ಲಿ ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು, ಹಳೇ ಗೋಡೌನಿನ ಮೂಲೆಯಲ್ಲಿ, ಲಾಟೀನಿನ ಬೆಳಕಿನಲ್ಲಿ. ಈಗ ಕಣ್ಣು ಕುಕ್ಕುವ ದೀಪವಿದೆ, ಸುಕ್ಕಿಲ್ಲದ ಹಾಸಿಗೆಯಿದೆ, ಹೆರುವವರಿಲ್ಲ. ಆದರೂ ಸೋಮವಾರ ಬಂತೆಂದರೆ ಕತ್ತರಿ, ಚಿಮಟ ಕುದಿಸುತ್ತಾಳೆ, ಬೆಡ್‌ಶೀಟು ಬದಲಿಸುತ್ತಾಳೆ. "ಯಾರೂ ಮಲಗದ ಬಟ್ಟೇನ ಯಾಕೆ ಒಗೀತೀರಿ?" ಎಂದು ವಾಚ್‌ಮನ್ ತಾತ ನಕ್ಕರೆ, "ನಿಮ್ಮನ್ನೇ ಮಲಗಿಸ್ತೀನಿ, ಸುಮ್ನಿರಿ" ಅನ್ನುತ್ತಾಳೆ. ಈ ವರ್ಷ ಒಂದಾದರೂ ಹೆರಿಗೆ ಆಗದಿದ್ದರೆ ಕೋಣೆಗೆ ಬೀಗ, ಅವಳಿಗೆ ವರ್ಗ ಎಂದು ಮೇಲಿನವರು ಹೇಳಿಯಾಗಿತ್ತು. ಅವಳಿಗೋ, ನನ್ನದು ಅನ್ನಲು ಇನ್ನೊಂದು ಊರೇ ಇರಲಿಲ್ಲ.

ಊರಿನಲ್ಲಿ ಉಳಿದಿದ್ದ ಬಸುರಿ ಒಬ್ಬಳೇ, ಜೀಪ್ ಡ್ರೈವರನ ಹೆಂಡತಿ. ಸಿಸ್ಟರಮ್ಮ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ದಿನ ತುಂಬಿ, ಒಂದು ಬೆಳಿಗ್ಗೆ ಜೀಪು ಆಸ್ಪತ್ರೆಯ ಮುಂದೆ ನಿಂತಾಗ ಎದ್ದುಬಿದ್ದು ಓಡಿದಳು. ನೋಡಿದರೆ ಜೀಪಿನ ಮೇಲೆ ಹಾಸಿಗೆ ಸುರುಳಿ, ಪಾತ್ರೆ, ಟ್ರಂಕು.

"ಪಟ್ಟಣಕ್ಕೆ ಹೊರಟ್ವಿ ಸಿಸ್ಟರಮ್ಮ," ಡ್ರೈವರ್ ತಲೆ ಎತ್ತಲಿಲ್ಲ. "ಅಲ್ಲಿ ದೊಡ್ಡ ಡಾಕ್ಟರಿದಾರೆ. ಆಮೇಲೆ ಅಲ್ಲೇ ಮನೆ ಮಾಡ್ತೀವಿ. ಇವಳಿಗೆ ನೋವು ಶುರುವಾಗಿದೆ. ಅಲ್ಲಿ ಮುಟ್ಟೋವರೆಗೂ ತಡೆಯುತ್ತಾ, ಸ್ವಲ್ಪ ನೋಡಿ ಹೇಳಿ."

ಒಳಗೆ ಕರೆದೊಯ್ದು ನೋಡಿದಳು. ಚೊಚ್ಚಲ ಬಸುರಿ, ಸಂಜೆಯ ತನಕ ಏನೂ ಆಗುವಂತಿರಲಿಲ್ಲ. ಪಟ್ಟಣ ಮಧ್ಯಾಹ್ನಕ್ಕೇ ಸಿಗುತ್ತದೆ. 'ತಡೆಯಲ್ಲ, ಸಾಮಾನು ಇಳಿಸಿ' ಅಂದರೆ ಮುಗಿಯಿತು. ಅವಳ ಮಾತಿಗೆ ಎದುರಾಡುವವರು ಅಲ್ಲಿ ಯಾರಿದ್ದರು?

"ಇನ್ನೂ ಹೊತ್ತಿದೆ. ನಿಧಾನಕ್ಕೆ ಹೋಗಿ" ಅಂದಳು.

ಜೀಪು ತಿರುವಿನಲ್ಲಿ ಮರೆಯಾಯಿತು. ತಾತನಿಗೆ ಸಿಟ್ಟು ನೆತ್ತಿಗೇರಿತ್ತು. "ಒಂದು ಸುಳ್ಳು ಹೇಳೋಕೆ ಏನು ಧಾಡಿ ನಿಮಗೆ? ಮಗು ಇಲ್ಲೇ ಹುಟ್ತಿತ್ತಲ್ಲ!"

"ನಾಲಿಗೆ ತುದಿಗೆ ಬಂದಿತ್ತು ತಾತ, ಹೇಳೇಬಿಡ್ತಿದ್ದೆ." ಸಿಸ್ಟರಮ್ಮ ತಿರುವಿನತ್ತಲೇ ನೋಡುತ್ತಿದ್ದಳು. "ಅಷ್ಟರಲ್ಲಿ ಆ ಹುಡುಗಿ, 'ನೀವು ಹೇಗೆ ಹೇಳಿದ್ರೆ ಹಾಗೆ ಅಕ್ಕಾ' ಅಂತ ಕೈ ಹಿಡ್ಕೊಂಡುಬಿಟ್ಲು."

ಅಷ್ಟು ಹೇಳಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ನರಪಿಳ್ಳೆಯಿಲ್ಲದ ಆ ರಸ್ತೆಯ ಎದುರು ಗೊಳೋ ಎಂದು ಅತ್ತಳು.