ಮೋರಿಯ ಬಾಯಲ್ಲಿ ಒಂದೂವರೆ ಗಂಟೆ

ನಮ್ಮ ಯಜಮಾನರಿಗೆ ಇನ್ನೊಂದು ಸಂಸಾರ ಇರಲಿಲ್ಲ. ಸುಮ್ಮನೆ ಕೂತಿರುತ್ತಿದ್ದರು, ಅಷ್ಟೆ.

ಇಷ್ಟು ಗೊತ್ತಾಗಲು ನನಗೆ ಮೂವತ್ತು ವರ್ಷ ಹಿಡಿಯಿತು. ಅವರು ಹೋಗಿಯೇ ಒಂಬತ್ತು ವರ್ಷವಾಯಿತು. ಕೊನೆಗೆ ಹೋದ ವಾರ ಒಂದು ಬೆಡ್‌ಶೀಟು, ಒಂದು ಟಾರ್ಚು, ಒಂದು ಡಬ್ಬಿ ಅವಲಕ್ಕಿ ಚೀಲಕ್ಕೆ ಹಾಕಿಕೊಂಡು, ಹಳಿ ಕಿತ್ತ ರೈಲು ದಾರಿಯಲ್ಲಿ ಒಬ್ಬಳೇ ನಡೆದು, ಬಯಲಿನಲ್ಲಿ ಒಂದು ರಾತ್ರಿ ಮಲಗಿ, ತಿಳಿದುಕೊಂಡು ಬಂದೆ. ವಯಸ್ಸು ಅರವತ್ತೆಂಟು. ಎರಡು ಮಂಡಿಯಲ್ಲಿ ಒಂದೇ ನೆಟ್ಟಗಿರುವುದು.

ನನ್ನ ಅಂಕಣ ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ಯಜಮಾನರು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ಹೆಸರು ಇಂಗ್ಲಿಷಿನಲ್ಲಿ ದೊಡ್ಡದು, ಕೆಲಸ ನಡೆಯುವುದು. ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ತಮ್ಮ ಪಾಲಿನ ಹಳಿಯುದ್ದಕ್ಕೂ ಹೋಗುವುದು, ಹಳಿಯನ್ನು ಹಿಡಿದಿಡುವ ಕೀಲಿ ಸಡಿಲವಾಗಿದ್ದರೆ ಅದಕ್ಕೊಂದು ಏಟು ಹಾಕುವುದು, ವಾಪಸು ಬರುವುದು. ಆಗ ನಾವಿದ್ದದ್ದು ನಂಜನಗೂಡಿನ ದಾರಿಯಲ್ಲಿ, ಕಡಕೊಳ ಸ್ಟೇಷನ್ನಿಗಿಂತ ಈಚೆ, ಹಳಿ ಪಕ್ಕದ ಕ್ವಾರ್ಟರ್ಸಿನಲ್ಲಿ. ಅಲ್ಲಿಂದ ಹೊರಟರೆ ಅವರ ಬೀಟು ಮುಗಿಯುವುದು ಒಂದು ಲೆವೆಲ್ ಕ್ರಾಸಿಂಗ್ ಗೇಟಿನ ಹತ್ತಿರ.

ನಾಲ್ಕೂವರೆಗೆ ಮನೆಗೆ ಬರಬೇಕು. ಬರುತ್ತಿದ್ದದ್ದು ಆರಕ್ಕೆ. ಒಂದು ದಿನ ಎರಡು ದಿನ ಅಲ್ಲ, ದಿನಾ.

"ಎಲ್ಲೋಗಿದ್ರಿ?"

"ಎಲ್ಲೂ ಇಲ್ಲ ಕಣೆ. ಸುಮ್ನೆ ಕೂತಿದ್ದೆ."

ನೀವೇ ಹೇಳಿ, ಯಾವ ಹೆಂಡತಿ ಇದನ್ನು ನಂಬುತ್ತಾಳೆ? ಅದೂ ಅಂಗಿ ಜೇಬಿನಲ್ಲಿ ದಿನಾ ಕಡಲೆಕಾಯಿ ಸಿಪ್ಪೆ ಸಿಗುವಾಗ?

ಕಡಲೆಕಾಯಿ ಬೇಯಿಸಿ ಮಾರುತ್ತಿದ್ದವಳು ಪುಟ್ಟಮಾದಮ್ಮ. ಗೇಟಿನ ಪಕ್ಕದ ಹಟ್ಟಿಯವಳು. ಗೇಟು ಹಾಕಿದಾಗ ನಿಲ್ಲುವ ಬಸ್ಸಿನವರು, ಗಾಡಿಯವರು, ಇವರೇ ಅವಳ ಗಿರಾಕಿಗಳು. ಮೂವತ್ತು ದಾಟಿರಲಿಲ್ಲ. ಗಂಡ ತೀರಿಕೊಂಡಿದ್ದ. ನೋಡಲು ಲಕ್ಷಣವಾಗಿದ್ದಳು. ನನಗೆ ಇನ್ನೇನು ಬೇಕಿತ್ತು?

ಒಂದು ಸಂಜೆ ಮಗುವನ್ನು ಸೊಂಟದ ಮೇಲೆ ಹಾಕಿಕೊಂಡು ಹೋದೆ. ಗೇಟು ಹಾಕಿತ್ತು. ಎರಡೂ ಕಡೆ ಬಸ್ಸು, ಸೈಕಲ್ಲು, ಕಬ್ಬಿನ ಗಾಡಿ. ಅಷ್ಟೂ ಜನರ ಮುಂದೆ ಅವಳಿಗೆ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. (ಬರೆದರೂ ಪತ್ರಿಕೆಯವರು ಹಾಕುವುದಿಲ್ಲ.) ಅವಳು ಒಂದೇ ಮಾತು ಅಂದದ್ದು: "ಅವ್ರು ಕಾಯಿ ಈಸ್ಕೊಂಡು ಅತ್ಲಾಗ್ ಒಂಟೋಯ್ತಾರೆ ಕಣವ್ವ."

ಮಾರನೇ ದಿನದಿಂದ ಅವಳು ಗೇಟಿನ ಹತ್ತಿರ ಕೂರಲಿಲ್ಲ. ಜಲ್ಲಿ ಒಡೆಯುವ ಕೂಲಿಗೆ ಹೋದಳು ಅಂತ ಯಾರೋ ಹೇಳಿದರು. ಗೆದ್ದೆ ಅಂದುಕೊಂಡೆ.

ಆದರೆ ಯಜಮಾನರು ಮನೆಗೆ ಬರುವುದು ಮಾತ್ರ ಆರಕ್ಕೇ ಇತ್ತು. ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಅವಳು ಹೋದ ಮೇಲೂ ಆ ಒಂದೂವರೆ ಗಂಟೆ ಎಲ್ಲಿ ಹೋಗುತ್ತಿತ್ತು?

ಈಗ ನಾನು ಮಗಳು ಗೀತಾಳ ಮನೆಯಲ್ಲಿ, ಚಾಮರಾಜಪುರಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇದ್ದೇನೆ. ಬ್ರಾಡ್‌ಗೇಜ್ ಮಾಡುತ್ತೇವೆ ಅಂತ ಹಳೇ ಹಳಿ ಕಿತ್ತು ತಿಂಗಳುಗಳಾದವು. ಹೊಸದು ಬಂದಿಲ್ಲ. ದಾರಿ ಬರಿಮೈಯಲ್ಲಿ ಬಿದ್ದುಕೊಂಡಿದೆ. ದಿನಾ ಹಿತ್ತಲಿನಿಂದ ನೋಡುತ್ತಿದ್ದೆ. ಹೊಸ ಹಳಿ ಬಿದ್ದರೆ ಮತ್ತೆ ನಡೆಯಲು ಯಾರು ಬಿಡುತ್ತಾರೆ? ನಂಜನಗೂಡಿಗೆ ಹೋಗುತ್ತೇನೆ, ರಾತ್ರಿ ಛತ್ರದಲ್ಲಿ ಇರುತ್ತೇನೆ ಅಂತ ಗೀತಾಗೆ ಸುಳ್ಳು ಹೇಳಿ, ಊಟ ಮುಗಿಸಿ ಹೊರಟುಬಿಟ್ಟೆ. (ಯಜಮಾನರ ಸುಳ್ಳು ಹಿಡಿಯಲು ನಾನೊಂದು ಸುಳ್ಳು. ಲೆಕ್ಕ ಸರಿಹೋಯಿತು.)

ಹಳಿ ಇಲ್ಲದ ದಾರಿ ವಿಚಿತ್ರ. ಹಳಿಯ ಕೆಳಗಿನ ಸ್ಲೀಪರ್ ದಿಮ್ಮಿ ಕಿತ್ತ ಗುರುತು ಮಣ್ಣಿನಲ್ಲಿ ಒಂದಾದ ಮೇಲೊಂದು ಇದೆ, ಬಾಚಣಿಗೆ ಹಲ್ಲಿನ ಹಾಗೆ. ಎಷ್ಟು ಬೇಡವೆಂದರೂ ಕಾಲು ಅದರ ಮೇಲೇ ಬೀಳುತ್ತದೆ. ಒಂದೊಂದಕ್ಕೇ ಇಟ್ಟರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಒಂದಕ್ಕೆ ಇಟ್ಟರೆ ಉದ್ದ. ಯಜಮಾನರು ಮದುವೆ ಮನೆಯಲ್ಲೂ ಆ ಗಿಡ್ಡ ಹೆಜ್ಜೆಯಲ್ಲೇ ನಡೆಯುತ್ತಿದ್ದರು. ಸೀರೆ ಉಟ್ಟವರ ಹಾಗೆ ನಡೀಬೇಡಿ ಅಂತ ಬೈದಿದ್ದೇನೆ. ಒಂದು ಗಂಟೆ ನಡೆಯುವಷ್ಟರಲ್ಲಿ ನನಗೂ ಅದೇ ನಡಿಗೆ ಬಂತು. ನಡೆಯುತ್ತಿರುವುದು ನಾನೋ ದಾರಿಯೋ ಅನ್ನುವ ಹಾಗಾಯಿತು.

ಅಶೋಕಪುರಂ ದಾಟಿದ ಮೇಲೆ ಮನೆಗಳು ಕಡಿಮೆಯಾದವು. ಎಡಕ್ಕೆ ಚಾಮುಂಡಿ ಬೆಟ್ಟ ನನ್ನ ಜೊತೆಗೇ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಹಿಂದೆ ನಿಂತುಬಿಟ್ಟಿದೆ. ಒಬ್ಬ ಕುರಿ ಕಾಯುವವನು ಕೇಳಿದ: "ಯಾಕಜ್ಜಿ, ಬಸ್ ಸಿಗ್ಲಿಲ್ವಾ?"

"ರೈಲ್ ಸಿಗ್ಲಿಲ್ಲ ಕಣಪ್ಪ."

ಅವನು ತಲೆಯಾಡಿಸಿದ. ಅವನಿಗೆ ಅದು ಸರಿಯಾಗಿಯೇ ಕಂಡಿತು.

ನಮ್ಮ ಹಳೇ ಕ್ವಾರ್ಟರ್ಸಿನಲ್ಲಿ ಗೋಡೆ ಮಾತ್ರ ಇತ್ತು. ಒಂದೂವರೆ ಕೋಣೆ. ಅತ್ತೆ, ಮಾವ, ಇಬ್ಬರು ನಾದಿನಿಯರು, ನಾವಿಬ್ಬರು, ಎರಡು ಮಕ್ಕಳು. ಎಂಟು ಜನ ಇದರಲ್ಲಿ ಹೇಗೆ ಹಿಡಿಸಿದೆವು? ಮಲಗಿದರೆ ಮಗ್ಗುಲು ಬದಲಾಯಿಸಲೂ ಪಕ್ಕದವರನ್ನು ಕೇಳಬೇಕಿತ್ತು. ಅಲ್ಲಿ ನಿಲ್ಲಲಿಲ್ಲ, ಮುಂದೆ ಹೋದೆ.

ಗೇಟಿಗೆ ಇನ್ನೊಂದು ಮೈಲಿ ಇರುವಾಗ ದಾರಿಯ ಕೆಳಗೆ ಒಂದು ಮೋರಿ ಬಂತು. ನೀರು ಹಾಯಲು ಕಟ್ಟಿದ ಸಣ್ಣ ಕಲ್ಲು ಸೇತುವೆ. ಕಾಲು ತೊಳೆಯೋಣ ಅಂತ ಇಳಿದೆ. ಅದರ ಬಾಯಲ್ಲಿ, ನೆರಳಿನಲ್ಲಿ, ಒಂದು ಕಲ್ಲು ಚಾಚಿಕೊಂಡಿತ್ತು. ಒಬ್ಬರು ಕೂರುವಷ್ಟು. ಇಬ್ಬರು ಕೂತರೆ ಒಬ್ಬರು ನೀರಿಗೆ.

ಎಡಗಡೆ ಒಳಗೋಡೆಯಲ್ಲಿ, ಕೂತವರ ಕೈಗೆ ಎಟಕುವ ಕಡೆ, ಸುಣ್ಣದ ಗೆರೆಗಳು ಕಂಡವು.

ಯಜಮಾನರು ಎಲೆಗೆ ಸುಣ್ಣ ಹಚ್ಚಿ, ಮಿಕ್ಕಿದ್ದನ್ನು ಎಡಗೈ ಹೆಬ್ಬೆರಳಿನಿಂದ ಗೋಡೆಗೆ ಒರೆಸುತ್ತಿದ್ದರು. ಎಲ್ಲರೂ ಮೇಲಿನಿಂದ ಕೆಳಕ್ಕೆ ಒರೆಸಿದರೆ ಇವರು ಕೆಳಗಿನಿಂದ ಮೇಲಕ್ಕೆ. ಮನೆಯ ಬಾಗಿಲುಚೌಕಟ್ಟೆಲ್ಲ ಹಾಗೇ ಇರುತ್ತಿತ್ತು, ಕೆರೆದು ಕೆರೆದು ನನ್ನ ಉಗುರು ಸವೆದಿದೆ. ಇಲ್ಲಿ ಕೆರೆಯುವವರು ಯಾರು? ಗೆರೆಯ ಮೇಲೆ ಗೆರೆ, ಅದರ ಮೇಲೆ ಗೆರೆ, ಹಲ್ಲಿಯ ಬೆನ್ನಿನಷ್ಟು ದಪ್ಪವಾಗಿ ಕಲ್ಲಿಗೆ ಹತ್ತಿಕೊಂಡಿತ್ತು. ಮಳೆ ತಾಗದ ಜಾಗ, ಹಾಗೇ ಉಳಿದಿತ್ತು. ಎಲ್ಲವೂ ಕೆಳಗಿನಿಂದ ಮೇಲಕ್ಕೆ. ವರ್ಷಗಟ್ಟಲೆಯ ಸಂಜೆಗಳು, ಒಬ್ಬನೇ ಮನುಷ್ಯ.

ನಾನೂ ಆ ಕಲ್ಲಿನ ಮೇಲೆ ಕೂತೆ.

ಎದುರಿಗೆ ಏನಿತ್ತು? ಏನೂ ಇಲ್ಲ. ಒಂದು ಗದ್ದೆ. ಅದರ ಆಚೆ ಇನ್ನೊಂದು ಗದ್ದೆ. ಒಂದು ಬೆಳ್ಳಕ್ಕಿ ಒಂಟಿ ಕಾಲಿನಲ್ಲಿ ನಿಂತಿತ್ತು. ನೀರು ದಾರದಂತೆ ಹರಿದು ಕಾಲ ಕೆಳಗೆ ಬಂದು, ಬೆನ್ನ ಹಿಂದೆ ಕತ್ತಲಿಗೆ ಹೋಗುತ್ತಿತ್ತು. ಹೋಗುವಾಗ ಅದರ ಸದ್ದು ದೊಡ್ಡದಾಗಿ, ಯಾರೋ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ಮಾತಾಡುತ್ತಿರುವ ಹಾಗೆ ಕೇಳುತ್ತಿತ್ತು. ಬಿಸಿಲು ಗದ್ದೆಯ ಮೇಲೆ ಒಂದೊಂದೇ ಪಾತಿ ದಾಟಿ ಹೋಯಿತು. ಬೆಳ್ಳಕ್ಕಿ ಕಾಲು ಬದಲಾಯಿಸಿತು. ನನ್ನ ಮಂಡಿ ಇದೆಯೋ ಇಲ್ಲವೋ ಮರೆತುಹೋಯಿತು. ನನ್ನ ಹೆಸರು ಕರೆದಿದ್ದರೂ ಓಗೊಡುತ್ತಿದ್ದೆನೋ ಇಲ್ಲವೋ.

ವಾಚು ನೋಡಿದೆ. ಐದಕ್ಕೆ ಕೂತವಳು. ಆರೂವರೆಯಾಗಿತ್ತು.

ಇಷ್ಟು ಹೊತ್ತು ಏನು ಯೋಚಿಸಿದೆ? ಏನೂ ಇಲ್ಲ. ಆಗ ಯಾರಾದರೂ ಬಂದು ಎಲ್ಲೋಗಿದ್ದೆ ಅಂತ ಕೇಳಿದ್ದರೆ ನಾನೂ ಅದನ್ನೇ ಹೇಳಬೇಕಿತ್ತು.

ಗಂಡಸು ಕುಡಿದು ಬಂದ ಅಂದರೆ ನಂಬುತ್ತೇವೆ. ಇಸ್ಪೀಟಾಡಿದ ಅಂದರೆ ನಂಬುತ್ತೇವೆ. ಸುಮ್ಮನೆ ಕೂತಿದ್ದ ಅಂದರೆ ಮಾತ್ರ ಯಾಕೆ ನಂಬುವುದಿಲ್ಲ? ಎಂಟು ಜನರ ಮನೆಯಲ್ಲಿ ಕೂರಲು ಜಾಗವಿಲ್ಲದವನು ಮೋರಿ ಹುಡುಕಿಕೊಂಡಿದ್ದ. ಕರುಣೆ ಬಂತಾ ಅಂತ ಕೇಳಬೇಡಿ. ಮೊದಲು ಬಂದದ್ದು ಸಿಟ್ಟು. ಅದೇ ಎಂಟು ಜನರಿಗೆ ಮುದ್ದೆ ತಿರುವುತ್ತಿದ್ದವಳಿಗೆ ಈ ಮೋರಿಯನ್ನು ಒಂದು ದಿನ ತೋರಿಸಬಾರದಿತ್ತೇ?

ಆಮೇಲೆ ಪುಟ್ಟಮಾದಮ್ಮ ನೆನಪಾದಳು. ಸಿಟ್ಟು ಇಳಿಯಿತು.

ಕತ್ತಲಾಯಿತು. ಮೇಲೆ ಹತ್ತಿ ದಾರಿಯಲ್ಲಿ ಬೆಡ್‌ಶೀಟು ಹಾಸಿದೆ. ಸಮತಟ್ಟು, ಒಣಗಿದ ಜಾಗ, ಅಚ್ಚುಕಟ್ಟಾಗಿತ್ತು. ಐದು ನಿಮಿಷ ಮಲಗಲಾಗಲಿಲ್ಲ. ಎಂಟೂಕಾಲಿನ ಪ್ಯಾಸೆಂಜರ್ ಬರುವ ಹೊತ್ತು! ಹಳಿಯೇ ಇಲ್ಲ, ರೈಲು ಎಲ್ಲಿಂದ ಬರಬೇಕು? ತಲೆಗೆ ಗೊತ್ತು, ಬೆನ್ನಿಗೆ ಗೊತ್ತಿಲ್ಲ. ಹಳಿ ಪಕ್ಕ ಇಪ್ಪತ್ತು ವರ್ಷ ಬಾಳಿದವರು ಹಳಿ ಮೇಲೆ ಮಲಗುವುದಿಲ್ಲ. ಎದ್ದು, ಇಳಿಜಾರಿನಲ್ಲಿ, ಹೊಂಗೆ ಮರದ ಬುಡದಲ್ಲಿ, ಇರುವೆಗಳ ಮಧ್ಯೆ ಮಲಗಿದೆ. ರಾತ್ರಿಯೆಲ್ಲ ಜಾರುವುದು, ಮೇಲೆ ತೆವಳುವುದು. ದೂರದಲ್ಲಿ ಬೆಟ್ಟದ ರಸ್ತೆಯ ದೀಪಗಳು ಯಾರೋ ಎಸೆದ ಸರದ ಹಾಗೆ ಬಿದ್ದಿದ್ದವು. ನಿದ್ದೆಯಲ್ಲೋ ಎಚ್ಚರದಲ್ಲೋ ಮಣ್ಣು ಸಣ್ಣಗೆ ನಡುಗಿತು, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಒಂದೊಂದೇ ಹತ್ತಿರ ಬಂದು, ನನ್ನನ್ನು ದಾಟಿ, ದೂರವಾಯಿತು. ಕನಸೇ ಇರಬೇಕು. ಯಾರು ಅಂತ ನಾನು ಕೇಳಲಿಲ್ಲ.

ಬೆಳಗಾಗುತ್ತಲೇ ಬೆಡ್‌ಶೀಟು ಕೊಡವಿ, ಗೇಟಿನ ಪಕ್ಕದ ಹಟ್ಟಿಗೆ ಹೋದೆ. ಪುಟ್ಟಮಾದಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಬೆರಳುಗಳು ಜಲ್ಲಿಯ ಏಟಿಗೆ ಸೊಟ್ಟಗಾಗಿದ್ದವು.

"ನಾನು ಕೀಮ್ಯಾನ್ ಮರಿಸ್ವಾಮಿ ಹೆಂಡ್ತಿ."

"ಗೊತ್ತಾಯ್ತು ಬುಡಿ. ಆ ಗಂಟ್ಲ ಎಂಗ್ ಮರ್ಯಾದು?"

"ತಪ್ಪಾಯ್ತು ಕಣಮ್ಮ. ಅವ್ರು ಮೋರೀಲಿ ಕೂತಿರ್ತಿದ್ರು. ನಿನ್ನೆ ಗೊತ್ತಾಯ್ತು."

ಅವಳು ಒಂದು ಕಾಯಿ ಸುಲಿದಳು. ಇನ್ನೊಂದು ಸುಲಿದಳು.

"ಬೈದಿದ್ ಎಲ್ಲಿ?"

"ಗೇಟ್ ಹತ್ರ."

"ಮತ್ತೆ ಇಲ್ಲ್ ಬಂದು ಕಿವೀಲಿ ಹೇಳ್ತಿದ್ದೀರಲ್ಲ?"

ನ್ಯಾಯವಾದ ಮಾತು. ಇಬ್ಬರೂ ಗೇಟಿಗೆ ನಡೆದೆವು. ಆದರೆ ಗೇಟು ಎಲ್ಲಿದೆ? ರೈಲು ನಿಂತ ಮೇಲೆ ಯಾರು ಹಾಕುತ್ತಾರೆ? ಯಾರೂ ನಿಲ್ಲುವುದಿಲ್ಲ, ಎಲ್ಲ ಬುರ್ ಅಂತ ಹೋಗುತ್ತಾರೆ. ಆಗ ಫ್ಯಾಕ್ಟರಿ ಶಿಫ್ಟಿನ ಬಸ್ಸು ಬಂತು. ರಸ್ತೆಯ ನಡುವೆ ಹೋಗಿ ಕೈ ಅಡ್ಡ ಹಿಡಿದೆ.

ಡ್ರೈವರ್ ತಲೆ ಹೊರಗೆ ಹಾಕಿದ. "ಏನಜ್ಜಿ, ಸಾಯ್ಬೇಕಾ?"

"ಸಾಯಕ್ಕಲ್ಲ ಕಣಪ್ಪ, ಒಂದ್ ಮಾತು ಹೇಳ್ಬೇಕು. ಎಂಜಿನ್ ಆಫ್ ಮಾಡು."

ಮಾಡಿದ. ಕಿಟಕಿಗಳಲ್ಲಿ ಮುಖಗಳು ಬಂದವು. ಮೂವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಈ ಹೆಂಗಸಿನ ಮೇಲೆ ನಾನು ಆಡಿದ ಮಾತು ಸುಳ್ಳು, ಇವಳದ್ದೇನೂ ತಪ್ಪಿಲ್ಲ ಅಂತ ಹೇಳಿದೆ. ಬಸ್ಸಿನಲ್ಲಿ ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ.

"ಆಯ್ತಾ?" ಅಂತ ಪುಟ್ಟಮಾದಮ್ಮನನ್ನು ಕೇಳಿದೆ.

"ಇಂದ್ಗಡೆ ಸೀಟ್ನೋರ್ಗೆ ಕೇಳ್ಸಿಲ್ಲ," ಅಂದಳು.

ಇನ್ನೊಂದು ಸಲ ಹೇಳಿದೆ.